ಮೆಗ್ನೀಸಿಯಮ್ ಮಾತ್ರೆ ಮತ್ತು ಮಾರ್ಫೀನ್ ಸಹಿಷ್ಣುತೆ

ಮಾರ್ಫೀನನ್ನು ಬಹುದಿನ ಬಳಸಿದಾಗ ಅಷ್ಟೇ ನೋವನ್ನು ತಗ್ಗಿಸಲು ಹೆಚ್ಚು ಪ್ರಮಾಣ ಬೇಕಾಗುತ್ತದೆ, ಇದೇ ಸಹಿಷ್ಣುತೆ. ಮೆಗ್ನೀಸಿಯಮ್ ಮಾತ್ರೆ ಇದನ್ನು ತಡೆಯುತ್ತದೆಂಬ ವಾದವನ್ನು ನೀವು ಕೇಳಿರಬಹುದು. 1991ರಲ್ಲಿ ಟ್ರುಹಿಯೊ ಮತ್ತು ಅಕಿಲ್ ಇಲಿಗಳಲ್ಲಿ ಎನ್‌ಎಂಡಿಎ ಗ್ರಾಹಕಗಳನ್ನು ಎಂಕೆ-801 ಎಂಬ ರಾಸಾಯನಿಕದಿಂದ ತಡೆದಾಗ ಸಹಿಷ್ಣುತೆಯ ಬೆಳವಣಿಗೆ ಕುಗ್ಗಿತು. ಮೆಗ್ನೀಸಿಯಮ್ ಅಯಾನೂ ಅದೇ ಗ್ರಾಹಕದ ನಾಳವನ್ನು ಮುಚ್ಚುತ್ತದೆ, ನಿಜ. ಆದರೆ ನುಂಗಿದ ಮೆಗ್ನೀಸಿಯಮ್ ಭಾಗಶಃ ಮಾತ್ರ ರಕ್ತಕ್ಕೆ ಸೇರುತ್ತದೆ. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಮಿದುಳಿನಲ್ಲಿ ಅದರ ಮಟ್ಟ ಸುಲಭವಾಗಿ ಏರದು. ವಾದವು ಈ ಹಂತಗಳನ್ನೇ ಬಿಟ್ಟಿದೆ.

ಪೂರಕಗಳು ನಿರಪಾಯಕಾರಿಯೂ ಅಲ್ಲ. ಸೇಂಟ್ ಜಾನ್ಸ್ ವರ್ಟ್ ಮೂಲಿಕೆ ಯಕೃತ್ತಿನ ಕಿಣ್ವವನ್ನು ಹೆಚ್ಚಿಸುವುದರಿಂದ ಆಕ್ಸಿಕೋಡೋನ್ ಎಂಬ ನೋವುನಿವಾರಕ ಬೇಗ ವಿಘಟಿಸುತ್ತದೆ. ಆಗ ಮರಳುವ ನೋವು ಸಹಿಷ್ಣುತೆಯೆಂದೇ ತೋರೀತು. ಪ್ರಮಾಣ ಏರಿಸಿ, ಬಳಿಕ ಮೂಲಿಕೆ ನಿಲ್ಲಿಸಿದರೆ ಉಸಿರಾಟವೇ ಕುಗ್ಗಬಹುದು. ವೈದ್ಯರಿಗೆ ತಿಳಿಸದೆ ಪೂರಕ ಬೇಡ.