ಕಾಣಿಕೆಯೋ, ಪ್ರವೇಶ ಶುಲ್ಕವೋ?

ಬಾರ್ಸೆಲೋನಾ ನಗರವನ್ನು ನೋಡಹೋಗುವವರಲ್ಲಿ ಅನೇಕರು ವಾಸ್ತುಶಿಲ್ಪಿ ಅಂತೋನಿ ಗೌದಿಯವರ ಕಟ್ಟಡಗಳನ್ನು ಅರಸಿಯೇ ಹೋಗುತ್ತಾರೆ. ಕಾಸಾ ಮಿಲಾದ ಅಲೆಯಂತಹ ಗೋಡೆ, ಗುವೆಲ್ ಉದ್ಯಾನದಲ್ಲಿ ಬಣ್ಣದ ಚೂರುಗಳಿಂದ ಮಾಡಿದ ಆಸನ, ಅವುಗಳ ಜೊತೆಗೆ ಸಗ್ರಾದ ಫಮಿಲಿಯ. ದೇವಾಲಯವೂ ಹೀಗೆ ನೋಟಗಳ ಪಟ್ಟಿಯಲ್ಲಿ ಒಂದಾಗಿಬಿಡುವುದೇ ನಮ್ಮ ಆಕ್ಷೇಪ.

1882ರಲ್ಲಿ ಆರಂಭವಾದ ಇದು ಪವಿತ್ರ ಕುಟುಂಬಕ್ಕೆ ಅರ್ಪಿತವಾದ ಪ್ರಾಯಶ್ಚಿತ್ತದ ದೇವಾಲಯ. ಭಕ್ತರ ಕಾಣಿಕೆಯಿಂದಲೇ ಮೇಲೇಳಬೇಕೆಂಬುದು ಅದರ ಮೂಲ ಸಂಕಲ್ಪ. ಇಂದು ಸಂದರ್ಶಕರ ಪ್ರವೇಶ ಶುಲ್ಕವೇ ನಿರ್ಮಾಣದ ಮುಖ್ಯ ಆಧಾರ. ಕಾಣಿಕೆಯಿತ್ತವನು ಪ್ರತಿಯಾಗಿ ಏನನ್ನೂ ಕೇಳನು. ಶುಲ್ಕ ತೆತ್ತವನು ನೋಟವನ್ನು ಕೇಳುತ್ತಾನೆ.

ಆದರೆ ಕಟ್ಟಡವನ್ನು ಓದಿದಾಗ ನಮ್ಮ ಆಕ್ಷೇಪ ಅರ್ಧ ಸಡಿಲುತ್ತದೆ. ಬಲಿಪೀಠದ ಹಿಂದೆ ಇರಬೇಕಾದ ಶಿಲ್ಪಕಥನವನ್ನು ಗೌದಿಯವರು ಹೊರಗೋಡೆಗೇ ತಂದರು. ಕ್ರಿಸ್ತಜನನದ ಮುಖಭಾಗದಲ್ಲಿರುವ ಕುರುಬರನ್ನೂ ಮೂವರು ಜ್ಞಾನಿಗಳನ್ನೂ ಬೀದಿಯಿಂದ ಕಾಣಲು ಯಾರೂ ಹಣ ತೆರಬೇಕಿಲ್ಲ. 2010ರಲ್ಲಿ ದೇವಾಲಯವನ್ನು ಪವಿತ್ರೀಕರಿಸಿದ ಜಗದ್ಗುರು ಹದಿನಾರನೇ ಬೆನೆಡಿಕ್ಟರೂ ಪವಿತ್ರ ಶಿಲ್ಪಗಳು ಹೀಗೆ ಜನರೆದುರಿಗೆ ಬಂದದ್ದನ್ನು ಪ್ರಬೋಧನೆಯಲ್ಲಿ ಸ್ಮರಿಸಿದ್ದರು. ಬಲಿಪೂಜೆಗೆ ಬರುವವರಿಗೂ ಶುಲ್ಕವಿಲ್ಲ.

1926ರಲ್ಲಿ ಟ್ರಾಮ್ ಬಡಿದು ಬಿದ್ದ ಗೌದಿಯವರನ್ನು, ಅವರ ಹಳೆಯ ಉಡುಪನ್ನು ಕಂಡು, ಜನ ಭಿಕ್ಷುಕನೆಂದೇ ಬಗೆದರು. ಇಂದು ಅವರ ಸಮಾಧಿ ಅದೇ ದೇವಾಲಯದ ನೆಲಮಾಳಿಗೆಯ ಪೂಜಾಲಯದಲ್ಲಿದೆ. ಕಣ್ಣಿಗೆ ಕಂಡರೂ ಗುರುತಿಸದೆ ಹೋಗುವುದು ಸಾಧ್ಯ. ಅವರ ಕೃತಿಯ ವಿಷಯದಲ್ಲಿಯೂ ಅದು ನಿಜ. ಆದುದರಿಂದ ಅಲ್ಲಿಗೆ ಹೋಗುವ ನಮ್ಮವರು ಮೊದಲು ಬೀದಿಯಲ್ಲಿ ನಿಂತು ಪ್ರಾರ್ಥಿಸಲಿ. ಒಳಗಿನ ನೋಟ ಆಮೇಲಿರಲಿ.