ಕುಸುಬೆ ಹೂವು ಮತ್ತು ಕಡಿಮೆ ಮುಟ್ಟು

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನ ಭುಸಾರ್ ಪೇಟೆಯಲ್ಲಿ ಕುಸುಬೆಗೆ ಬೆಲೆ ಕಟ್ಟುವುದು ಕಾಳನ್ನು ನೋಡಿ. ಸೋಲಾಪುರ, ವಿಜಯಪುರ, ಕಲಬುರ್ಗಿಯ ಎರೆಹೊಲದವರಿಗೂ ಅದು ಎಣ್ಣೆಯ ಬೆಳೆ, ಕಾಳು ರುಬ್ಬಿ ಹಾಲು ತೆಗೆದರೆ ಹುಗ್ಗಿಯ ಬೆಳೆ. ಮುಳ್ಳಿನ ನಡುವೆ ಅರಳಿದ ಕೆಂಪು-ಹಳದಿ ಎಸಳು ಬಿಡಿಸಿ ತರುವವರು ಅಪರೂಪ. ಚೀನಾದ ವೈದ್ಯನಿಗೆ ಬೇಕಾದದ್ದು ಆ ಎಸಳೇ. ಹೊಂಗ್‌ಹ್ವಾ ಎಂಬ ಹೆಸರಿನಲ್ಲಿ ಅದು ಅಲ್ಲಿ ನಿಂತ ರಕ್ತವನ್ನು ನಡೆಸುವ ಮದ್ದು; ಮುಟ್ಟು ಕಡಿಮೆಯಾದ ಹೆಂಗಸಿಗೆ ಕೊಡುವ ಕಷಾಯಗಳಲ್ಲಿ ಅದಕ್ಕೆ ಖಾಯಂ ಜಾಗ.

ಕಡಿಮೆ ಮುಟ್ಟು ನಮ್ಮಲ್ಲಿ ದೂರು ಅನಿಸಿಕೊಳ್ಳುವುದು ಕಷ್ಟ. ಹೆಚ್ಚು ಹೋದರೆ ಹೆದರಿಕೆ, ನೋವಾದರೆ ಗುಳಿಗೆ. ಒಂದೂವರೆ ದಿನದಲ್ಲಿ ಮುಗಿದು ಹೋದರೆ ‘ಪುಣ್ಯವಂತಳು’ ಅನ್ನುತ್ತಾರೆ. ಆಧುನಿಕ ಸ್ತ್ರೀರೋಗಶಾಸ್ತ್ರವೂ ಬಹುಕಾಲ ಹೆಚ್ಚಿನ ಕಡೆಗೇ ನೋಡಿತು. ಒಂದು ಮುಟ್ಟಿಗೆ 80 ಮಿಲಿಲೀಟರ್ ದಾಟಿದರೆ ರಕ್ತಹೀನತೆಯ ಅಪಾಯ ಎಂಬ ಗೆರೆ 1960ರ ದಶಕದ ಸ್ವೀಡನ್ನಿನ ಅಧ್ಯಯನದಿಂದ ಬಂತು. ಕೆಳಗಿನ ತುದಿಗೆ ಅಷ್ಟೇ ಗಟ್ಟಿಯಾದ ಗೆರೆ ಯಾರೂ ಎಳೆಯಲಿಲ್ಲ. ಚೀನಾದ ವೈದ್ಯ ಪರಂಪರೆ ಇದಕ್ಕೊಂದು ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿತು. ಅಲ್ಲಿನ ಪಠ್ಯಗಳು ಮೊದಲು ಕೇಳುವುದು ಅಳತೆಯನ್ನಲ್ಲ, ಅವಳದೇ ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಹೇಗೆ ಎಂಬುದನ್ನು. ಬಣ್ಣ ತಿಳಿಯೋ ಕಪ್ಪೋ, ಗಂಟು ಬೀಳುತ್ತದೆಯೋ, ಕೈ ಒತ್ತಿದರೆ ನೋವು ಹೆಚ್ಚುತ್ತದೋ ಇಳಿಯುತ್ತದೋ, ಸೊಂಟ ಸೋಲುತ್ತದೆಯೋ, ನಿದ್ದೆ ಹೇಗಿದೆ. ಈ ಪ್ರಶ್ನಾವಳಿಯ ಎದುರು ನಮ್ಮ ಹೊರರೋಗಿ ವಿಭಾಗದ ‘ಡೇಟ್ ಯಾವಾಗ?’ ಎಂಬ ಒಂದೇ ಪ್ರಶ್ನೆ ಬಡವಾಗಿ ಕಾಣುತ್ತದೆ. ಪರಂಪರೆಯ ನಿಜವಾದ ಗಳಿಕೆ ಇದೇ ಎಂದು ನಾನು ತಿಳಿದಿದ್ದೇನೆ.

ಉತ್ತರಗಳ ವಿಷಯ ಬೇರೆ. ಕಡಿಮೆ ಮುಟ್ಟಿಗೆ ಪಠ್ಯಗಳು ಸಾಮಾನ್ಯವಾಗಿ ನಾಲ್ಕು ಮೂಲ ಹೇಳುತ್ತವೆ. ರಕ್ತದ ಕೊರತೆ, ಮೂತ್ರಪಿಂಡದ ಸತ್ವದ ಕೊರತೆ, ರಕ್ತ ನಿಂತುಹೋಗುವುದು, ಕಫ ಕಟ್ಟುವುದು. ಮೊದಲೆರಡು ಬರಿದಾದ ಮೈ, ಉಳಿದೆರಡು ದಾರಿ ಕಟ್ಟಿದ ಮೈ. ಬರಿದಾದದ್ದನ್ನು ತುಂಬು, ಕಟ್ಟಿದ್ದನ್ನು ಬಿಡಿಸು. ತುಂಬುವುದಕ್ಕೆ ಸಾಂಗ್ ಕಾಲದ ಸರ್ಕಾರಿ ಔಷಧ ಸಂಹಿತೆಯಲ್ಲೇ ದಾಖಲಾದ ‘ನಾಲ್ಕು ಪದಾರ್ಥಗಳ ಕಷಾಯ’ ಇದೆ. ಅದಕ್ಕೆ ಪೀಚ್ ಬೀಜದ ತಿರುಳು ಮತ್ತು ಕುಸುಬೆ ಎಸಳು ಸೇರಿಸಿದರೆ ಬಿಡಿಸುವ ಕಷಾಯ. ಕೇಳುವಾಗ ಎಲ್ಲವೂ ಒಪ್ಪವಾಗಿ ಕೂಡುತ್ತದೆ. ನನ್ನ ಅನುಮಾನ ಶುರುವಾಗುವುದೂ ಈ ಒಪ್ಪದಿಂದಲೇ.

ಪರಂಪರೆಯ ಸಮರ್ಥಕರು ಇದೆಲ್ಲ ಸಾವಿರಾರು ವರ್ಷಗಳ ಅನುಭವ ಎನ್ನುತ್ತಾರೆ. ಅನುಭವವೊಂದೇ ದಾರಿ ತೋರಿಸಿದ್ದರೆ ಒಂದೇ ಗಿಡ ಎರಡು ನಾಡಿನಲ್ಲಿ ಹತ್ತಿರ ಹತ್ತಿರದ ಗುಣ ತೋರಬೇಕಿತ್ತು. ಹೊಲದಲ್ಲಿ ಎಷ್ಟು ಕಿತ್ತರೂ ಮತ್ತೆ ಏಳುವ ಜೇಕು, ಅಂದರೆ ಭದ್ರಮುಷ್ಟಿ, ಆಯುರ್ವೇದಕ್ಕೆ ಜ್ವರ, ಅತಿಸಾರ, ಅಜೀರ್ಣದ ಮದ್ದು. ಅದೇ ಗಡ್ಡೆಯನ್ನು 16ನೇ ಶತಮಾನದ ಲಿ ಶಿಝೆನ್ ತನ್ನ ದೊಡ್ಡ ಔಷಧಕೋಶದಲ್ಲಿ ಹೆಂಗಸರ ಕಾಯಿಲೆಗಳಿಗೆ ಮುಖ್ಯವಾದದ್ದೆಂದು ಮೇಲೇರಿಸಿದ. ಕಫ ಕಟ್ಟಿ ಮುಟ್ಟು ಕಡಿಮೆಯಾದವಳಿಗೆ ಕೊಡುವ ಮಾತ್ರೆಯ ಹೆಸರಿನಲ್ಲೇ ಅದು ಸೇರಿಕೊಂಡಿದೆ. ಕುಸುಬೆಯ ಕಥೆ ಇನ್ನೂ ಸ್ವಾರಸ್ಯದ್ದು. ಸಸ್ಯಜನ್ಯ ಎಣ್ಣೆಗಳಲ್ಲೆಲ್ಲ ಕುಸುಬೆಯದೇ ಅತ್ಯಂತ ಅಹಿತ ಎಂದು ಚರಕ ಬರೆದ. ದಖ್ಖನ್ನಿನ ಮಂದಿ ಅದನ್ನೇ ದಿನಾ ರೊಟ್ಟಿಯ ಜೊತೆ ಉಂಡರು. ಬೇರೆ ಬೇರೆ ವೈದ್ಯರು ಗಿಡದಲ್ಲಿ ಕಂಡದ್ದು ತಮ್ಮ ಕೈಯಲ್ಲಿದ್ದ ನಕ್ಷೆ ಎಲ್ಲಿ ನೋಡು ಎಂದಿತೋ ಅಲ್ಲಿಯದನ್ನೇ ಇರಬೇಕು.

ಸುಶ್ರುತನ ನಕ್ಷೆಯನ್ನು ಪಕ್ಕಕ್ಕಿಟ್ಟರೆ ಇದು ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಮುಟ್ಟು ಹೊತ್ತಿಗೆ ಸರಿಯಾಗಿ ಕಾಣದಿರುವುದು, ಕಡಿಮೆಯಾಗುವುದು, ಜೊತೆಗೆ ನೋವು — ಇದನ್ನು ಅವನು ಆರ್ತವಕ್ಷಯ ಎಂದ. ಆರ್ತವ ಬೆಂಕಿಯ ಗುಣದ್ದು, ಆದ್ದರಿಂದ ಉಷ್ಣ ಪದಾರ್ಥ ಕೊಡು: ಮೀನು, ಹುರಳಿ, ಎಳ್ಳು, ಉದ್ದು, ಹುಳಿ, ಮೊಸರು, ಮದ್ಯ. ಮೀನು-ಮದ್ಯ ಬಿಟ್ಟರೆ ಬಹುಪಾಲು ಭುಸಾರ್ ಪೇಟೆಯ ಒಂದೇ ಓಣಿಯಲ್ಲಿ ಸಿಗುವಂಥವು. ಮುಟ್ಟು ತಡವಾದರೆ ಎಳ್ಳು-ಬೆಲ್ಲ ತಿನ್ನು ಎನ್ನುವ ಅಜ್ಜಿಯರ ಮಾತಿಗೂ ಇದೇ ತರ್ಕ. ಚೀನೀ ಗ್ರಂಥಗಳಲ್ಲೂ ಶೀತ ಕೂತ ಗರ್ಭಕೋಶವನ್ನು ಬೆಚ್ಚಗೆ ಮಾಡುವ, ದಾಲ್ಚಿನ್ನಿಯ ಕುಲದ ಕಡ್ಡಿ ಹಾಕಿದ ಕಷಾಯವಿದೆ. ಬೆಚ್ಚಗಿನ ಆಹಾರದ ಸಲಹೆಯಲ್ಲಿ ಎರಡೂ ಕೂಡುತ್ತವೆ, ಮದ್ದಿನಲ್ಲಿ ಬೇರೆಯಾಗುತ್ತವೆ. ಕೂಡುವ ಭಾಗಕ್ಕೆ ಬೆಲೆ ಕೊಡಬಹುದು. ಬೇರೆಯಾಗುವ ಭಾಗವನ್ನು ಪ್ರಾಚೀನತೆಯ ಬಲದ ಮೇಲೆ ಒಪ್ಪಲು ನನಗಾಗದು.

ಆ ಪ್ರಾಚೀನತೆಗೂ ಒಂದು ಹೊಲಿಗೆಯಿದೆ. ಚೆನ್ ಝಿಮಿಂಗ್ 1237ರಲ್ಲಿ ಹೆಂಗಸರ ಚಿಕಿತ್ಸೆಯ ಮಹಾಗ್ರಂಥ ಬರೆದದ್ದು ನಿಜ, 17ನೇ ಶತಮಾನದ ಫು ಶಾನ್ ಮುಟ್ಟಿನ ಬೇರನ್ನು ಮೂತ್ರಪಿಂಡದಲ್ಲಿ ಕಂಡದ್ದೂ ನಿಜ. ಅವರವರೊಳಗೇ ಜಗಳಗಳಿದ್ದವು. ಆ ಜಗಳಗಳನ್ನೆಲ್ಲ ತಟ್ಟಿ ಕೋಷ್ಟಕ ಮಾಡಿದ್ದು ಕಮ್ಯುನಿಸ್ಟ್ ಸರ್ಕಾರ. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ದುಗಳಲ್ಲಿ ಕಾಲೇಜುಗಳು ತೆರೆದವು. ಪಾಠ ಹೇಳಲು, ಪರೀಕ್ಷೆ ನಡೆಸಲು ಏಕರೂಪದ ಪಠ್ಯ ಬೇಕಾಯಿತು. ಇವತ್ತು ಪ್ರಾಚೀನ ಜ್ಞಾನವೆಂದು ನಮ್ಮ ಕೈಗೆ ಬರುವ ನಾಲ್ಕು ಕಂಬಗಳ ಕೋಷ್ಟಕ ಬಹುಮಟ್ಟಿಗೆ ಆ ಪಠ್ಯಗಳ ಕೂಸು.

ಈ ವಿದ್ಯೆ ಮಹಾರಾಷ್ಟ್ರಕ್ಕೆ ಬಂದ ದಾರಿಯೂ ಓರೆಕೋರೆ. ಸೋಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ 1938ರ ಭಾರತೀಯ ವೈದ್ಯ ತಂಡದೊಂದಿಗೆ ಚೀನಾಕ್ಕೆ ಹೋದದ್ದು ಶಸ್ತ್ರಚಿಕಿತ್ಸೆಯ ಕತ್ತಿ ಹಿಡಿದು. 1942ರಲ್ಲಿ ಅಲ್ಲೇ ತೀರಿಕೊಂಡರು. ಅಕ್ಯುಪಂಕ್ಚರಿನ ಸೂಜಿಯನ್ನು ಭಾರತಕ್ಕೆ ತಂದವರು ಅದೇ ತಂಡದ ಬಿಜೊಯ್ ಕುಮಾರ್ ಬಸು, 1950ರ ದಶಕದ ಕೊನೆಗೆ, ಕಲಕತ್ತೆಗೆ. ಮುಂದೆ ಮಹಾರಾಷ್ಟ್ರ ಅಕ್ಯುಪಂಕ್ಚರ್ ಚಿಕಿತ್ಸಾ ಪದ್ಧತಿಗೆ 2015ರ ಹೆಸರಿನ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು, 2019ರಲ್ಲಿ ಕೇಂದ್ರವೂ ಮನ್ನಣೆ ಕೊಟ್ಟಿತು. ಮನ್ನಣೆ ಸಿಕ್ಕಿದ್ದು ಸೂಜಿಗೆ, ಕಷಾಯಕ್ಕಲ್ಲ. ಕಡಿಮೆ ಮುಟ್ಟಿನ ಚೀನೀ ಚಿಕಿತ್ಸೆಯ ಬೆನ್ನೆಲುಬು ಕಷಾಯ. ಸೂಜಿ ಅದರ ಜೊತೆಗಾತಿ. ಹಾಗಾಗಿ ಪುಣೆಯ ಹೆಂಗಸಿನ ಕೈಗೆ ಸಿಗುವುದು ಅರ್ಧ ಶಾಸ್ತ್ರ. ಆ ಅರ್ಧದ ಬಲವೆಷ್ಟು? ನೇರವಾಗಿ ಕಡಿಮೆ ಮುಟ್ಟಿನದ್ದಲ್ಲದಿದ್ದರೂ ಹತ್ತಿರದ ದೊಡ್ಡ ಪರೀಕ್ಷೆ ಚೀನಾದಲ್ಲೇ ನಡೆದು 2017ರಲ್ಲಿ ಪ್ರಕಟವಾಯಿತು. ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರುವ 1000 ಹೆಂಗಸರಲ್ಲಿ ನಿಜವಾದ ಸೂಜಿಯೂ ತೋರಿಕೆಯ ಸೂಜಿಯೂ ಹೆರಿಗೆಯ ಲೆಕ್ಕದಲ್ಲಿ ಸಮನಾದವು. ಫಲ ಕೊಟ್ಟದ್ದು ಅಂಡ ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಮಾತ್ರೆ.

ನಮ್ಮ ನೆಲದಲ್ಲಿ ಇನ್ನೊಂದು ತೊಡಕಿದೆ, ನನಗೆ ಅತಿ ಗಂಭೀರವಾಗಿ ಕಾಣುವುದು ಇದೇ. ಮುಟ್ಟು ತಿಂಗಳಿಂದ ತಿಂಗಳಿಗೆ ಸೊರಗುವುದಕ್ಕೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಗರ್ಭನಿರೋಧಕ ಮಾತ್ರೆ, ಮುಟ್ಟು ನಿಲ್ಲುವ ವಯಸ್ಸು ಕಾರಣವಾಗಬಹುದು. ಗರ್ಭಪಾತದ ನಂತರ ಕೆರೆದು ಸ್ವಚ್ಛ ಮಾಡಿಸಿದಾಗ ಒಳಪದರ ಅಂಟಿಕೊಂಡಿರಬಹುದು. ಜೋಸೆಫ್ ಆಶರ್‌ಮನ್ 1948ರಲ್ಲಿ ವಿವರಿಸಿದ್ದು ಇದನ್ನು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿ ಗ್ರಂಥಿ ಸೋತಿರಬಹುದು. ಭಾರತದಲ್ಲಿ ಇವೆಲ್ಲದರ ಜೊತೆ ಗರ್ಭಕೋಶದ ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ, ಒಳಪದರವನ್ನು ತಿಂದು ಮುಟ್ಟನ್ನು ಬತ್ತಿಸುವ ಕಾಯಿಲೆ. ಎಷ್ಟೋ ಸಲ ಮಕ್ಕಳಾಗಲಿಲ್ಲವೆಂದು ಪರೀಕ್ಷಿಸಿದಾಗಲೇ ಗೊತ್ತಾಗುವುದು. ಬಿಳಚಿದ ನಾಲಿಗೆ, ತೆಳು ನಾಡಿ, ಸೋತ ಸೊಂಟ — ಕೋಷ್ಟಕದಲ್ಲಿ ಇದು ಸಲೀಸಾಗಿ ‘ರಕ್ತದ ಕೊರತೆ’ಯ ಮನೆಯಲ್ಲಿ ಕೂತುಬಿಡುತ್ತದೆ. ತುಂಬುವ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ರೋಗ ಒಳಗೇ ಬೆಳೆಯುತ್ತದೆ. ಬೇರೆ ಬೇರೆ ಬೇರುಗಳ ರೋಗಗಳನ್ನು ಒಂದೇ ಮನೆಗೆ ಹಾಕುವ ನಕ್ಷೆ ಎಷ್ಟು ಚೆಂದವಿದ್ದರೂ ಇಲ್ಲಿ ಅಪಾಯಕಾರಿ.

‘ರಕ್ತದ ಕೊರತೆ’ಯನ್ನು ನಮ್ಮ ರಕ್ತಹೀನತೆಯ ಜೊತೆ ಕಲಸುವುದೂ ನಡೆದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಮಹಾರಾಷ್ಟ್ರದಲ್ಲಿ ಶೇ. 54.2, ಕರ್ನಾಟಕದಲ್ಲಿ ಶೇ. 47.8. ಹಿಮೋಗ್ಲೋಬಿನ್ ಕಡಿಮೆಯಿರುವವಳಿಗೆ ಮುಟ್ಟು ಕಡಿಮೆ ಹೋದರೆ ಅಷ್ಟು ಕಬ್ಬಿಣ ಉಳಿಯಿತು. ಅವಳಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ. ಮಾರ್ಕೆಟ್ ಯಾರ್ಡಿನ ಹಮಾಲರನ್ನು ಸಂಘಟಿಸಿದ ಬಾಬಾ ಆಢಾವ್ ಮೂಲದಲ್ಲಿ ವೈದ್ಯರೇ. ಅವರ ಹಮಾಲ್ ಪಂಚಾಯತ್ 1974ರಲ್ಲಿ ‘ಕಷ್ಟಾಚೀ ಭಾಕರ್’ ಎಂಬ ಅಗ್ಗದ ಊಟದ ಮನೆ ತೆರೆದದ್ದನ್ನು ನಾನು ಈ ಲೆಕ್ಕದಲ್ಲೇ ನೋಡುತ್ತೇನೆ.

ಚೀನೀ ಸ್ತ್ರೀವೈದ್ಯದ ಹಳೆಯ ಗ್ರಂಥಗಳು ಓದು ಬರಹ ಬಲ್ಲ ಮನೆತನಗಳ ಹೆಂಗಸರನ್ನು ಕಣ್ಣ ಮುಂದಿಟ್ಟು ಬರೆದಂಥವು. ತಣ್ಣೀರು ಮುಟ್ಟಬೇಡ, ಮಳೆಯಲ್ಲಿ ನೆನೆಯಬೇಡ, ದಣಿಯಬೇಡ. ನಸುಕಿನಲ್ಲಿ ಒದ್ದೆ ನೆಲದ ಮೇಲೆ ತರಕಾರಿ ಆರಿಸುವವಳಿಗೆ ಇದು ಯಾರದೋ ಮನೆಯ ಮಾತು. ಆದರೂ ಈ ವಿಷಯದಲ್ಲಿ ಚೀನಾ ಒಂದು ಕೆಲಸ ಮಾಡಿತು, ಅದನ್ನು ಮೆಚ್ಚಲೇಬೇಕು. ಮುಟ್ಟಿನ ದಿನಗಳಲ್ಲಿ ತಣ್ಣೀರಿನ ಕೆಲಸ, ಅತಿ ಶೀತದ ಕೆಲಸ, ಭಾರದ ಕೆಲಸಗಳನ್ನು ನಿಗದಿತ ಮಟ್ಟದ ಮೇಲೆ ಹೇರುವಂತಿಲ್ಲ ಎಂದು 2012ರ ಕಾರ್ಮಿಕ ನಿಯಮಗಳಲ್ಲಿ ಬರೆಯಿತು. ಶೀತದ ಭಯದಲ್ಲಿ ವಿಜ್ಞಾನ ಎಷ್ಟಿದೆಯೋ, ಕೂಲಿ ಹೆಂಗಸಿಗೆ ವಿರಾಮವಂತೂ ಕಾಗದದ ಮೇಲೆ ಬಂತು. ಕರ್ನಾಟಕದ ಸಂಪುಟ ತಿಂಗಳಿಗೊಂದು ದಿನದ ಸಂಬಳಸಹಿತ ರಜೆಗೆ ಒಪ್ಪಿದ್ದು 2025ರ ಅಕ್ಟೋಬರಿನಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82 ಸಾವಿರ ಹೆಂಗಸರ ಸಮೀಕ್ಷೆಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ಬೆಳಕಿಗೆ ಬಂತು. ಒಂದು ದಿನ ತಪ್ಪಿದರೆ ದಂಡ ಕಟ್ಟಬೇಕಾದಲ್ಲಿ ಮುಟ್ಟು ಕಡಿಮೆಯಾಯಿತೆಂದು ವೈದ್ಯರ ಬಾಗಿಲಿಗೆ ಹೋಗುವವರು ಯಾರು?

ಹೋದವಳ ವಿಷಯದಲ್ಲಿ ಒಂದು ಮಾತು ಉಳಿದಿದೆ. ಮುಟ್ಟಿನ ಹೊತ್ತಿಗೆ ಸ್ವಲ್ಪವೇ ಕಲೆ ಬಿದ್ದರೆ ಅದು ಮುಟ್ಟೇ ಆಗಿರಬೇಕೆಂದಿಲ್ಲ. ಬಸಿರಿನ ಮೊದಲ ವಾರಗಳಲ್ಲಿ, ನಾಳದಲ್ಲಿ ಕೂತ ಬಸಿರಿನಲ್ಲೂ ಹೀಗೆಯೇ ಆಗುತ್ತದೆ. ಕುಸುಬೆ ಎಸಳನ್ನು ಬಸುರಿಗೆ ಕೊಡುವಾಗ ಎಚ್ಚರ ಬೇಕೆಂದು ಚೀನೀ ಔಷಧಕೋಶಗಳೇ ಹೇಳುತ್ತವೆ; ಹೊಟ್ಟೆಯ, ಸೊಂಟದ ಕೆಲವು ಬಿಂದುಗಳಿಗೆ ಸೂಜಿ ಹಾಕುವುದಕ್ಕೂ ಅಂಥದೇ ಎಚ್ಚರಿಕೆಯಿದೆ. ಇಂದಿನ ಚೀನೀ ಪಠ್ಯಗಳು ಮೊದಲು ಬಸಿರಲ್ಲವೆಂದು ಖಚಿತ ಮಾಡಿಕೊಳ್ಳಲು ಹೇಳುತ್ತವೆ, ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಮೂತ್ರಪರೀಕ್ಷೆ, ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ ಕಷಾಯ ಬರೆಯುವ ವೈದ್ಯರ ಮೇಜಿಗೇ ಬರುತ್ತವೆ. ಆ ಮೇಜು ಸೂಜಿಯ ಜೊತೆ ಇಲ್ಲಿಗೆ ಬಂದಿಲ್ಲ. ಪುಣೆಯಲ್ಲಿ ಸೂಜಿ ಹಾಕುವವರ ಬಳಿ ಹೋಗುವ ಹೆಂಗಸು ಆ ಪರೀಕ್ಷೆಗಳಿಗೆ ಇನ್ನೊಂದು ದವಾಖಾನೆಯ ಸರದಿಯಲ್ಲಿ ನಿಲ್ಲಬೇಕು, ಇನ್ನೊಂದು ದಿನದ ಕೂಲಿ ಬಿಟ್ಟು.