ಪಿಡುಗಿನ ಕಾಲದ ಶ್ರದ್ಧೆ: ‘ಸಂಸ್ಕಾರ’ದ ಬೆಳಕಿನಲ್ಲಿ

ಪಿಡುಗಿನ ಕಾಲದಲ್ಲಿ ದೈವಶ್ರದ್ಧೆಯು ಮನಸ್ಸಿಗೆ ಆಸರೆಯೆಂಬ ಮಾತು ಪ್ರಚುರವಾಗಿದೆ. ಯಾವ ಬಗೆಯ ಶ್ರದ್ಧೆ ಎಂಬುದನ್ನು ವಿವೇಚಿಸದೆ ನಾವು ಅದನ್ನು ಒಪ್ಪಲಾರೆವು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ವಿವೇಚನೆಗೆ ಒರೆಗಲ್ಲು. ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಬಿದ್ದಿದೆ, ಇಲಿಗಳು ಸಾಯುತ್ತಿವೆ. ಗ್ರಂಥಗಳಲ್ಲಿ ಉತ್ತರ ಕಾಣದ ಪ್ರಾಣೇಶಾಚಾರ್ಯರಿಗೆ ಮಾರುತಿಯ ಅಪ್ಪಣೆಯೂ ದೊರೆಯದು. ಎಲ್ಲವನ್ನೂ ಪಾಪದ ಫಲವೆಂದು ಬಗೆದ ಅಗ್ರಹಾರಕ್ಕೆ ಪ್ಲೇಗು ಕಾಣಿಸುವುದೇ ಇಲ್ಲ. ಇಲ್ಲಿ ಶ್ರದ್ಧೆಯು ಭಯವನ್ನು ತಣಿಸದೆ ಅಪರಾಧಪ್ರಜ್ಞೆಯಾಗಿ ಬೆಳೆಸುತ್ತದೆ.

ನಮ್ಮ ಬಯಲುಸೀಮೆಯ ಮಾರಿಪೂಜೆಯ ದಾರಿ ಬೇರೆ. ರೋಗವನ್ನು ಒಬ್ಬನ ಪಾಪವೆನ್ನದೆ, ಊರೆಲ್ಲ ಕೂಡಿ ಮಾರಿಯನ್ನು ಗಡಿ ದಾಟಿಸುವಾಗ ಭಯವೂ ಹಂಚಿಹೋಗುತ್ತದೆ. ಕೇರಿಯ ಸಾವುಗಳನ್ನು ಅಂಚಿನಲ್ಲಿಯೇ ಕಂಡು ಸಾಗುವ ಕಾದಂಬರಿಯಲ್ಲಿ ಈ ಶ್ರದ್ಧೆಗೆ ಹೆಚ್ಚಿನ ಎಡೆಯಿಲ್ಲ. ಇದು ಅದರ ಮಿತಿ.

ಆದರೆ ಕೂಡುವುದೇ ಸೋಂಕಿಗೂ ದಾರಿ. 2020ರ ಲಾಕ್‌ಡೌನಿನಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡಿಗಳು ನಾಡಿನ ಉಳಿದ ಗುಡಿಗಳಂತೆಯೇ ಭಕ್ತರಿಗೆ ಮುಚ್ಚಿದವು. ಜನ ಆಗ ಕಳೆದುಕೊಂಡದ್ದು ದೇವರನ್ನಲ್ಲ, ಜೊತೆಗೂಡಿ ಅಳುವವರನ್ನು. ಕೋವಿಡ್‌ನಿಂದ ಮಡಿದವರ ಅಂತ್ಯಕ್ರಿಯೆ ಮೊಟಕಾದಾಗ ಕಾದಂಬರಿಯ ಪ್ರಶ್ನೆಯು ಅನೇಕ ಮನೆಗಳ ಪ್ರಶ್ನೆಯಾಯಿತು.

ದುಃಖವನ್ನು ಹಂಚಿಕೊಳ್ಳುವ ಶ್ರದ್ಧೆ ಮನಸ್ಸನ್ನು ಕಾಯುತ್ತದೆ. ದೋಷವನ್ನು ಹೊರಿಸುವ ಶ್ರದ್ಧೆ ಕೆಡಿಸುತ್ತದೆ. ಸಾಂಕ್ರಾಮಿಕವನ್ನು ಕುರಿತ ಸಾಹಿತ್ಯವನ್ನು ಈ ಭೇದವರಿತು ಓದಬೇಕೆಂಬುದು ನಮ್ಮ ಅಭಿಮತ.